ಸೋರುವ ಕಿವಿಯನ್ನು ಮಳೆಗಾಲದ ಲೆಕ್ಕಕ್ಕೆ ಬರೆಯಬೇಡಿ

ಮೃಗಶಿರ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಈ ಸಾಲಿಗೆ ಇನ್ನೊಂದನ್ನೂ ಸೇರಿಸಬಹುದು: ಕಿವಿ ಸೋರುತ್ತದೆ. ತೋಟದಲ್ಲಿ ದಿನವಿಡೀ ನೆನೆದು ಬಂದವರ ಕಿವಿಯೊಳಗೂ ತೇವ ನಿಲ್ಲುತ್ತದೆ, ಅಲ್ಲಿಯೂ ಬೂಷ್ಟು ಬೆಳೆಯುತ್ತದೆ. ತುರಿಕೆ, ಸಣ್ಣ ನೋವು, ಒಂದಿಷ್ಟು ರಸಿಗೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು, ಹತ್ತಿ ಇಟ್ಟು, ಮಲೆನಾಡಿನ ಜನ ಅದನ್ನು ಕಾಯಿಲೆಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಮಳೆ ಕಳೆದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಬಹುಪಾಲು ಕಿವಿಗಳು ಹಾಗೆಯೇ ಸರಿಹೋಗುವುದೂ ನಿಜ.

ಈ ವಾರ ನಾನು ಬರೆಯುತ್ತಿರುವುದು ಹಾಗೆ ಸರಿಹೋಗದ ಕಿವಿಯನ್ನು ಕುರಿತು. ಕಿವಿಯ ನಾಳದ ಚರ್ಮಕ್ಕೂ ಕ್ಯಾನ್ಸರ್ ಬರಬಹುದು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ‘ಇಂಥ ಅಪರೂಪದ ಕಾಯಿಲೆಯ ವಿಷಯ ನಮಗೇಕೆ?’ ಎಂದು ನೀವು ಪುಟ ತಿರುಗಿಸುವ ಮೊದಲು ಒಂದು ಸಣ್ಣ ಲೆಕ್ಕ ನೋಡಿ.

ವರ್ಷಕ್ಕೊಬ್ಬರು

ಈ ಕ್ಯಾನ್ಸರ್ ಬರುವುದು ವರ್ಷವೊಂದಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಎಂಬುದು ಪರಿಣತರ ಅಂದಾಜು. 2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11 ಲಕ್ಷ 38 ಸಾವಿರ. ಅಂದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಡಿಮೆ ಒಬ್ಬರು. ಆ ಒಬ್ಬರು ಸಾಮಾನ್ಯವಾಗಿ ಐವತ್ತು ದಾಟಿದವರು. ಗಂಡಸಾಗಿರಬಹುದು, ಹೆಂಗಸಾಗಿರಬಹುದು, ತೋಟದ ಮಾಲೀಕರಾಗಿರಬಹುದು, ಲೈನ್ ಮನೆಯಲ್ಲಿರುವ ಕೂಲಿಯಾಗಿರಬಹುದು.

ಆದರೆ ಅದೇ ವರ್ಷ ಜಿಲ್ಲೆಯಲ್ಲಿ ಕಿವಿ ಸೋರುವವರು ಸಾವಿರಾರು ಮಂದಿ. ಅವರೆಲ್ಲರ ನಡುವೆ ಈ ಒಬ್ಬರೂ ಕುಳಿತಿರುತ್ತಾರೆ, ಅದೇ ಬೆಂಚಿನ ಮೇಲೆ, ಅದೇ ಹತ್ತಿಯನ್ನು ಕಿವಿಗಿಟ್ಟುಕೊಂಡು. ಅವರನ್ನು ಗುರುತಿಸುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಒಂದು ನಿಯಮ ಬೇಕು: ಮೂರು ವಾರದ ಸರಿಯಾದ ಚಿಕಿತ್ಸೆಗೆ ಬಗ್ಗದ ಕಿವಿಗೆ ನಾಲ್ಕನೆಯ ವಾರ ಅದೇ ಹನಿಯನ್ನು ಹಾಕಕೂಡದು, ತಜ್ಞರು ಒಳಗೆ ನೋಡಲೇಬೇಕು.

ಬೆಳಕು ಬೀಳದ ಓಣಿ

ನಮ್ಮ ಹೊರಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಸ್ವಲ್ಪ ಡೊಂಕಾದ ಓಣಿ. ಅದರ ಹೊರಗಿನ ಮೂರನೆಯ ಒಂದು ಭಾಗದ ಗೋಡೆ ಮೃದ್ವಸ್ಥಿಯದು. ಗುಗ್ಗೆ ಹುಟ್ಟುವುದು ಇಲ್ಲಿ. ಒಳಗಿನ ಮೂರನೆಯ ಎರಡು ಭಾಗದ ಗೋಡೆ ಮೂಳೆಯದು. ಕೊನೆಯಲ್ಲಿ ಕಿವಿತಮಟೆ. ಮೂಳೆಯ ಭಾಗದಲ್ಲಿ ಚರ್ಮ ಬಹಳ ತೆಳುವು. ಅದರ ಕೆಳಗೆ ಕೊಬ್ಬಿನ ಮೆತ್ತೆಯೇ ಇಲ್ಲ. ಅಲ್ಲಿ ಹುಟ್ಟಿದ ಗಂಟು ಬೇಗನೆ ಮೂಳೆಯನ್ನು ಮುಟ್ಟುತ್ತದೆ. ನಾಳದ ಮುಂಭಾಗದ ಮೃದ್ವಸ್ಥಿಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿರುತ್ತವೆ. ಆ ದಾರಿಯಲ್ಲಿ ರೋಗ ಕೆನ್ನೆಯ ಲಾಲಾಗ್ರಂಥಿಗೂ ದವಡೆಯ ಕೀಲಿನ ಕಡೆಗೂ ನುಸುಳಬಲ್ಲದು.

ಕೈಮೇಲೆ ಆರದ ಹುಣ್ಣೊಂದು ಎದ್ದರೆ ಮನೆಯವರ ಕಣ್ಣಿಗೆ ಬೀಳುತ್ತದೆ. ಈ ಓಣಿಯೊಳಗಿನ ಹುಣ್ಣು ಯಾರ ಕಣ್ಣಿಗೂ ಬೀಳದು. ಹೊರಗೆ ಬರುವುದು ರಸಿಗೆ ಮಾತ್ರ. ಅದನ್ನು ನೋಡಿದವರು ಸೋಂಕು ಎಂದುಕೊಳ್ಳುತ್ತಾರೆ.

ಇಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್. ಗುಗ್ಗೆಯ ಗ್ರಂಥಿಗಳಿಂದ ಹುಟ್ಟುವ ಬೇರೆ ಬಗೆಯವೂ ಉಂಟು, ಅವು ಇನ್ನೂ ವಿರಳ. ಇದಕ್ಕೆ ಖಚಿತ ಕಾರಣ ಎಲ್ಲರಲ್ಲೂ ಸಿಕ್ಕುವುದಿಲ್ಲ. ವರ್ಷಾನುಗಟ್ಟಲೆ ಸೋರಿದ ಕಿವಿ, ಹಿಂದೆ ತಲೆ ಕುತ್ತಿಗೆಗೆ ಪಡೆದ ವಿಕಿರಣ ಚಿಕಿತ್ಸೆ, ಇವೆರಡರ ಜೊತೆ ಸಂಬಂಧವನ್ನು ವೈದ್ಯರು ಗಮನಿಸಿದ್ದಾರೆ. ಬೆಂಕಿಕಡ್ಡಿ, ಹೇರ್‌ಪಿನ್ನು, ಬೀಗದ ಕೈಗಳಿಂದ ಕಿವಿ ಕೆರೆದುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಹೇಳಲಾಗದು. ಆದರೆ ಗಾಯ ಮತ್ತು ಸೋಂಕು ಬರುವುದು ಖಂಡಿತ. ಆ ಗಾಯದ ಗದ್ದಲದಲ್ಲಿ ನಿಜವಾದ ರೋಗ ಮರೆಯಾಗುತ್ತದೆ.

ಕಾಲ ಹೇಗೆ ಕಳೆಯುತ್ತದೆ?

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಳಸದ ಹತ್ತಿರದ ತೋಟವೊಂದರಲ್ಲಿ ಕೆಲಸ ಮಾಡುವ ಐವತ್ತೆಂಟು ವರ್ಷದ ಹೆಂಗಸು. ಆಷಾಢದಲ್ಲಿ ಬಲಗಿವಿ ಸೋರಲು ಶುರುವಾಯಿತು. ಎಣ್ಣೆ ಬಿಟ್ಟರು. ಹಬ್ಬದ ಹೊತ್ತಿಗೆ ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಹನಿ ತಂದರು. ನಾಲ್ಕು ದಿನ ಹಗುರ, ಮತ್ತೆ ಅದೇ. ದೀಪಾವಳಿಯ ವೇಳೆಗೆ ಹತ್ತಿಯಲ್ಲಿ ರಕ್ತದ ಕಲೆ ಕಂಡಿತು; ‘ಕೆರೆದುಕೊಂಡಿರಬೇಕು’ ಎಂದರು. ಅಷ್ಟರಲ್ಲಿ ಅರೇಬಿಕ ಹಣ್ಣಾಯಿತು. ‘ಕೊಯ್ಲು ಮುಗಿಯಲಿ, ಆಮೇಲೆ ದೊಡ್ಡಾಸ್ಪತ್ರೆಗೆ ಹೋಗೋಣ’ ಎಂದು ಮನೆಯವರೆಲ್ಲ ಒಪ್ಪಿದರು. ಅರೇಬಿಕ ಮುಗಿದ ಮೇಲೆ ರೋಬಸ್ಟ. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು, ಬಲಗಣ್ಣು ಮುಚ್ಚಲಿಲ್ಲ. ಮುಖದ ನರಕ್ಕೆ ರೋಗ ತಗುಲಿತ್ತು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ರತಿಯೊಬ್ಬರೂ ಆ ಹೊತ್ತಿಗೆ ಸರಿಯೆಂದು ತೋರಿದ್ದನ್ನೇ ಮಾಡಿದರು. ಆದರೂ ಎಂಟು ತಿಂಗಳು ಕಳೆದುಹೋದವು, ಅಷ್ಟು ದಿನವೂ ಯಾರೊಬ್ಬರೂ ಬೆಳಕು ಹಿಡಿದು ಆ ಕಿವಿಯೊಳಗೆ ನೋಡಲಿಲ್ಲ. ಕಿವಿಗೆ ಹಾಕುವ ಹನಿಗಳಲ್ಲಿ ಕೆಲವದರಲ್ಲಿ ಸ್ಟಿರಾಯ್ಡ್ ಸೇರಿರುತ್ತದೆ. ಅದು ಊತ ಇಳಿಸಿ ಹಗುರವೆನಿಸುವಂತೆ ಮಾಡುತ್ತದೆ. ಒಳಗಿನ ಗಂಟು ಮಾತ್ರ ಬೆಳೆಯುತ್ತಲೇ ಇರುತ್ತದೆ. ಇನ್ನು ತಮಟೆ ತೂತಾಗಿದ್ದರೆ ಕೆಲವು ಹನಿಗಳು ಒಳಗಿವಿಗೇ ಹಾನಿ ಮಾಡಬಲ್ಲವು. ಹಾಗಾಗಿ ಕಿವಿಯನ್ನು ನೋಡದೆ ಹನಿ ಕೊಳ್ಳುವುದು ಎರಡು ರೀತಿಯಿಂದಲೂ ತಪ್ಪು.

ಈ ಲಕ್ಷಣಗಳಿದ್ದರೆ ತಡಮಾಡಬೇಡಿ

ಒಂದೇ ಕಿವಿ, ಬಿಡದೆ ಸೋರುತ್ತಿದ್ದರೆ. ರಸಿಗೆಯಲ್ಲಿ ರಕ್ತ ಕಂಡರೆ. ರಾತ್ರಿ ನಿದ್ದೆಗೆಡಿಸುವಂಥ, ದಿನೇ ದಿನೇ ಏರುವ ನೋವಿದ್ದರೆ. ಕಿವಿಯೊಳಗೆ ಮಾಂಸ ಬೆಳೆದಿದೆ ಎಂದು ವೈದ್ಯರು ಹೇಳಿದ್ದರೆ. ಆ ಕಡೆಯ ಕಿವಿ ಮಂದವಾಗುತ್ತಿದ್ದರೆ. ಅಗಿಯುವಾಗ ನೋವು, ಬಾಯಿ ತೆರೆಯಲು ಕಷ್ಟ ಇದ್ದರೆ. ಕಿವಿಯ ಮುಂದೆ ಅಥವಾ ಕೆಳಗೆ ಗಂಟು ಕೈಗೆ ಸಿಕ್ಕಿದರೆ. ಮುಖ ಒಂದು ಕಡೆಗೆ ವಾಲಿದರೆ, ಮಳೆ ಕಳೆಯಲೆಂದು ಕಾಯಬಾರದು, ಕೊಯ್ಲು ಮುಗಿಯಲೆಂದೂ ಕಾಯಬಾರದು. ಮುಖ ವಾಲುವುದು ಕೊನೆಯ ಎಚ್ಚರಿಕೆ. ಅದಕ್ಕೂ ಮೊದಲಿನ ಎಚ್ಚರಿಕೆಗಳಲ್ಲೇ ನಾವು ಏಳಬೇಕು.

ಸಕ್ಕರೆ ಕಾಯಿಲೆ ಇರುವ ಹಿರಿಯರು ಇನ್ನೂ ಜಾಗರೂಕರಾಗಿರಬೇಕು. ಅವರಿಗೆ ಬರುವ ಒಂದು ಘೋರ ಸೋಂಕಿಗೆ 1968ರಲ್ಲಿ ಚಾಂಡ್ಲರ್ ಎಂಬ ವೈದ್ಯ ‘ಮಾರಕ ಹೊರಕಿವಿ ಉರಿಯೂತ’ ಎಂಬರ್ಥದ ಹೆಸರಿಟ್ಟ. ಹೆಸರು ಹಾಗಿದ್ದರೂ ಅದು ಕ್ಯಾನ್ಸರ್ ಅಲ್ಲ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮೂಳೆಗಿಳಿಯುವ ಸೋಂಕು. ಆದರೆ ಅದರಲ್ಲಿಯೂ ಅದೇ ಕೆಂಪು ಮಾಂಸ, ಅದೇ ರಸಿಗೆ, ಅದೇ ರಾತ್ರಿಯ ನೋವು. ಒಂದಕ್ಕೆ ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೇಕು, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಕಣ್ಣಳತೆಯಿಂದ ಎರಡನ್ನೂ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗದು. ಅದನ್ನು ತೀರ್ಮಾನಿಸುವುದು ಬಯಾಪ್ಸಿ.

ಅಕ್ಕಿಕಾಳಿನಷ್ಟು ಮಾಂಸ

ಬಯಾಪ್ಸಿ ಎಂದೊಡನೆ ಮನೆಯಲ್ಲಿ ಯಾರಾದರೊಬ್ಬರು ‘ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳುತ್ತದೆ’ ಎನ್ನುತ್ತಾರೆ. ಓದುಗರೇ, ಈ ಒಂದು ಮಾತು ಎಷ್ಟೋ ಜನರ ಸಮಯವನ್ನು ನುಂಗಿದೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಈ ರೋಗ ಕೆರಳುವುದಿಲ್ಲ. ಬಯಾಪ್ಸಿ ಮಾಡದೆ ಕಳೆದ ತಿಂಗಳುಗಳಲ್ಲಿ ಅದು ತಾನಾಗಿಯೇ ಹರಡುತ್ತದೆ.

ಕಿವಿ, ಮೂಗು, ಗಂಟಲು ತಜ್ಞರು ಮೊದಲು ಸೂಕ್ಷ್ಮದರ್ಶಕದಡಿ ಕಿವಿಯನ್ನು ಶುಚಿ ಮಾಡಿ ನೋಡುತ್ತಾರೆ. ಆಮೇಲೆ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಅಕ್ಕಿಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಮಿಡಿಯುವ ಕೆಂಪು ಗಂಟೇನಾದರೂ ಕಂಡರೆ ಅದು ರಕ್ತನಾಳಗಳ ಗಂಟಾಗಿರಬಹುದೆಂದು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಆದುದರಿಂದ ಇದು ಎಲ್ಲೆಂದರಲ್ಲಿ ಕಿತ್ತು ನೋಡುವ ಕೆಲಸವಲ್ಲ.

ಇಲ್ಲಿ ಇನ್ನೊಂದು ಮುಖ್ಯ ಮಾತು. ಮೇಲ್ಮೈಯಿಂದ ತೆಗೆದ ಚೂರಿನಲ್ಲಿ ಬರೀ ಉರಿಯೂತ ಕಾಣಿಸಬಹುದು, ಏಕೆಂದರೆ ಗಂಟಿನ ಮೇಲೆ ಸೋಂಕಿನ ಪದರ ಕುಳಿತಿರುತ್ತದೆ. ವರದಿ ‘ಕ್ಯಾನ್ಸರ್ ಇಲ್ಲ’ ಎಂದು ಬಂದರೂ ಕಿವಿ ವಾಸಿಯಾಗದಿದ್ದರೆ ಇನ್ನಷ್ಟು ಆಳದಿಂದ ಮತ್ತೊಮ್ಮೆ ಬಯಾಪ್ಸಿ ಮಾಡಬೇಕು. ‘ಡಾಕ್ಟ್ರೇ, ಮತ್ತೊಮ್ಮೆ ಪರೀಕ್ಷೆ ಬೇಕೇ?’ ಎಂದು ನೀವೇ ಕೇಳಿ. ಹಾಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುವುದಿಲ್ಲ.

ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಎರಡು ಚಿತ್ರಗಳು ಬೇಕು. ಮೂಳೆ ಎಷ್ಟು ಸವೆದಿದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್, ಗ್ರಂಥಿ, ಸ್ನಾಯು, ಮಿದುಳಿನ ಹೊದಿಕೆಯ ಕಡೆ ರೋಗ ಸಾಗಿದೆಯೇ ಎಂದು ತಿಳಿಯಲು ಎಂ.ಆರ್.ಐ. ಇವುಗಳ ಆಧಾರದ ಮೇಲೆ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸುವ ಕ್ರಮವನ್ನು 1990ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವೈದ್ಯರು ರೂಪಿಸಿದರು. 2000ದಲ್ಲಿ ಅದನ್ನು ತಿದ್ದಿದಾಗ ಮುಖದ ನರದ ದೌರ್ಬಲ್ಯವನ್ನು ನಾಲ್ಕನೆಯ ಹಂತಕ್ಕೆ ಸೇರಿಸಲಾಯಿತು. ನಮ್ಮ ಉದಾಹರಣೆಯ ಹೆಂಗಸು ಫೆಬ್ರವರಿಯ ಆ ಬೆಳಗ್ಗೆ ತಲುಪಿದ್ದು ಈ ಹಂತವನ್ನು.

ಹಂತಕ್ಕೇಕೆ ಇಷ್ಟು ಮಹತ್ವ? ರೋಗ ನಾಳದೊಳಗೇ ಇರುವಾಗ ಸರಿಯಾದ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಎಂಟು ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ಮುಖದ ನರ, ಮಿದುಳಿನ ಹೊದಿಕೆ, ದೊಡ್ಡ ರಕ್ತನಾಳದ ದಾರಿಯವರೆಗೆ ಹೋಗಿದ್ದರೆ ಹಾಗೆ ದಾಟುವವರು ಅರ್ಧಕ್ಕಿಂತಲೂ ಕಡಿಮೆ. ಕಾಯಿಲೆ ಅದೇ, ವ್ಯತ್ಯಾಸ ಮಾಡಿದ್ದು ನಡುವಿನ ತಿಂಗಳುಗಳು.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಕಿವಿಯೊಳಗಿನ ಗಂಟನ್ನಷ್ಟೇ ಕೆರೆದು ತೆಗೆದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಕಣ್ಣಿಗೆ ಕಾಣುವ ಅಂಚಿನಾಚೆಗೂ ರೋಗದ ಜೀವಕೋಶಗಳಿರುತ್ತವೆ. ಹಾಗಾಗಿ ರೋಗ ಹಿಡಿದ ನಾಳವನ್ನು ಸುತ್ತಲಿನ ಮೂಳೆಯ ಸಮೇತ, ತಮಟೆಯನ್ನೂ ಸೇರಿಸಿ, ಒಂದೇ ತುಂಡಾಗಿ ತೆಗೆಯಬೇಕು. ತಮಟೆಗೆ ಅಂಟಿದ ಸುತ್ತಿಗೆ ಮತ್ತು ಅಡಿಗಲ್ಲಿನಾಕಾರದ ಪುಟ್ಟ ಮೂಳೆಗಳೂ ಅದರೊಡನೆ ಹೋಗುತ್ತವೆ. ಮುಖದ ನರ, ರಿಕಾಪಿನಾಕಾರದ ಮೂರನೆಯ ಮೂಳೆ ಮತ್ತು ಒಳಗಿವಿಯನ್ನು ಉಳಿಸಿಕೊಳ್ಳುತ್ತಾರೆ. ಇದಕ್ಕೆ ಲ್ಯಾಟರಲ್ ಟೆಂಪೊರಲ್ ಬೋನ್ ರಿಸೆಕ್ಷನ್ ಎಂದು ಹೆಸರು. ರೋಗ ಇನ್ನೂ ಒಳಗೆ ಹೋಗಿದ್ದರೆ ಇನ್ನೂ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಾಗೆ ಟೆಂಪೊರಲ್ ಮೂಳೆಯ ಬಹುಭಾಗವನ್ನು ಒಟ್ಟಾಗಿ ತೆಗೆಯುವ ವಿಧಾನವನ್ನು 1954ರಲ್ಲಿ ಪಾರ್ಸನ್ಸ್ ಮತ್ತು ಲೂಯಿಸ್ ಎಂಬ ವೈದ್ಯರು ವಿವರಿಸಿದರು.

ಕಿವಿಯ ಹಿಂದೆ ಕೊಯ್ದು, ಸೂಕ್ಷ್ಮದರ್ಶಕದಡಿ ಸಣ್ಣ ಬೈರಿಗೆಯಿಂದ ಮೂಳೆಯನ್ನು ಕೊರೆಯುತ್ತಾ, ನಾಳದ ಸುತ್ತ ದಾರಿ ಬಿಡಿಸುತ್ತಾರೆ. ಕೂದಲೆಳೆಯಷ್ಟು ದೂರದಲ್ಲಿ ಮುಖದ ನರ ಹಾದುಹೋಗುವುದರಿಂದ ಇದು ಅವಸರದ ಕೆಲಸವಲ್ಲ. ಹಲವು ಗಂಟೆ ಹಿಡಿಯುತ್ತದೆ. ಅಗತ್ಯವಿದ್ದರೆ ಕೆನ್ನೆಯ ಲಾಲಾಗ್ರಂಥಿಯನ್ನೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ಉಳಿದ ಗುಳಿಯನ್ನು ಅಕ್ಕಪಕ್ಕದ ಅಥವಾ ತೊಡೆಯ ಮಾಂಸದಿಂದ ತುಂಬುತ್ತಾರೆ. ತೆಗೆದ ತುಂಡಿನ ಅಂಚುಗಳನ್ನು ಪರೀಕ್ಷಿಸಿ, ಬೇಕಾದವರಿಗೆ ಸುಮಾರು ಆರು ವಾರ ವಿಕಿರಣ ಚಿಕಿತ್ಸೆ ಕೊಡುತ್ತಾರೆ.

‘ಕಿವಿ ಹೋಗುತ್ತದೆಯೇ?’ ಎಂಬುದು ಎಲ್ಲರ ಪ್ರಶ್ನೆ. ಹೊರಗಿನ ಕಿವಿಹಾಲೆ ಸಾಮಾನ್ಯವಾಗಿ ಉಳಿಯುತ್ತದೆ. ಆ ಕಡೆ ಕೇಳುವುದು ಬಹಳ ಕಡಿಮೆಯಾಗುತ್ತದೆ, ಏಕೆಂದರೆ ಶಬ್ದ ಸಾಗುವ ದಾರಿಯನ್ನೇ ತೆಗೆದಿರುತ್ತಾರೆ. ಆದರೆ ಒಳಗಿವಿ ಉಳಿದಿರುವುದರಿಂದ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಶ್ರವಣ ಸಾಧನಗಳಿಂದ ಪ್ರಯೋಜನವುಂಟು. ಇನ್ನೊಂದು ಕಿವಿ ಚೆನ್ನಾಗಿದ್ದರೆ ದಿನನಿತ್ಯದ ಬದುಕು ಸಾಗುತ್ತದೆ. ಒಂದು ಕಿವಿಯ ಕೇಳುವಿಕೆ ಸಣ್ಣ ಬೆಲೆಯಲ್ಲ, ನಿಜ. ಅದನ್ನು ತೆರಬೇಕಾಗಿರುವುದು ಜೀವಕ್ಕಾಗಿ. ರೋಗ ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಆ ಅವಧಿಯಲ್ಲಿ ಕರೆದಾಗಲೆಲ್ಲ ಹೋಗಿ ತೋರಿಸಬೇಕು.

ಘಟ್ಟ ಇಳಿಯುವ ಮುನ್ನ

ಈ ಶಸ್ತ್ರಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ, ಆಗಬೇಕೆಂದು ನಾನು ಕೇಳುವುದೂ ಇಲ್ಲ. ವರ್ಷಕ್ಕೊಬ್ಬರಿಗೆ ಬರುವ ಕಾಯಿಲೆಯಲ್ಲಿ ಪಳಗಿದ ಕೈ ದೊಡ್ಡ ಕೇಂದ್ರಗಳಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆ ಇದೆ. ಘಟ್ಟದ ಕೆಳಗೆ ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಇಳಿಯುತ್ತಾರೆ. ಮೂಡಿಗೆರೆಯವರು ಚಾರ್ಮಾಡಿ ಘಾಟಿಯಲ್ಲಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದ್ದನ್ನು ನೀವು ಮರೆತಿರಲಾರಿರಿ. ಮಳೆಗಾಲದಲ್ಲಿ ಶುರುವಾದ ಕಾಯಿಲೆಯನ್ನು ಮಳೆಗಾಲದಲ್ಲೇ ತೋರಿಸುವುದು ನಮ್ಮ ಕಡೆ ಎಷ್ಟು ಕಷ್ಟವೆಂದು ಊರಿನವರಿಗೆ ಹೇಳಿಕೊಡಬೇಕಿಲ್ಲ.

ಆದುದರಿಂದಲೇ ಗುರುತಿಸುವ ಕೆಲಸ ಘಟ್ಟದ ಮೇಲೆಯೇ ಆಗಬೇಕು. ಕಿವಿಯೊಳಗೆ ನೋಡುವ ದೀಪದ ಉಪಕರಣ ಆಟೋಸ್ಕೋಪ್; ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಬೇಕು, ಇದ್ದರೆ ಸಾಲದು, ಬಳಕೆಯಾಗಬೇಕು. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲೇ ದೇಶದಲ್ಲಿ ಆರಂಭವಾಗಿದೆ. ಅದರ ಹೆಸರಿನಲ್ಲಿ ಮಳೆ ಮುಗಿಯುತ್ತಿದ್ದಂತೆ, ಕೊಯ್ಲು ಶುರುವಾಗುವ ಮೊದಲು, ತೋಟದ ಊರುಗಳಲ್ಲಿ ಒಂದು ಕಿವಿ ತಪಾಸಣೆ ಶಿಬಿರ ನಡೆಸಬಾರದೇಕೆ? ಅಲ್ಲಿ ಸಿಗುವುದು ಹೆಚ್ಚಾಗಿ ಬೂಷ್ಟು, ಗುಗ್ಗೆ, ತೂತಾದ ತಮಟೆ. ಅವೂ ವಾಸಿಯಾಗಬೇಕಾದವೇ. ಆ ಒಬ್ಬರನ್ನು ಹುಡುಕುವ ನೆಪದಲ್ಲಿ ನೂರಾರು ಜನರ ಕಿವಿಗೆ ಒಳ್ಳೆಯದಾಗುತ್ತದೆ.

‘ಕ್ಯಾನ್ಸರ್ ಹೆಸರೆತ್ತಿ ಜನರನ್ನು ಹೆದರಿಸಿದರೆ ಆಸ್ಪತ್ರೆ ತುಂಬಿಹೋಗುವುದಿಲ್ಲವೇ?’ ಎಂದು ಕೆಲವು ವೈದ್ಯಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸೋರುವ ಪ್ರತಿ ಕಿವಿಗೂ ಬಯಾಪ್ಸಿ ಬೇಕೆಂದು ನಾನು ಹೇಳುತ್ತಿಲ್ಲ. ಮೂರು ವಾರಕ್ಕೆ ಬಗ್ಗದವು ಕೆಲವೇ. ಅವುಗಳಲ್ಲಿ ಮಾಂಸ ಬೆಳೆದವು, ರಕ್ತ ಬರುವವು ಇನ್ನೂ ಕೆಲವೇ. ಅಷ್ಟನ್ನು ನೋಡಲು ನಮಗೆ ಶಕ್ತಿಯಿದೆ.

ತೋಟದ ಮಾಲೀಕರಿಗೂ ರೈಟರುಗಳಿಗೂ ಒಂದು ಮಾತು. ದೊಡ್ಡ ತೋಟಗಳ ಕೂಲಿಕಾರರ ವೈದ್ಯಕೀಯ ಉಪಚಾರದ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಕಾಯ್ದೆಯ ಮಾತು ಬಿಟ್ಟರೂ, ಕೊಯ್ಲಿನ ನಡುವೆ ಒಂದು ದಿನ ರಜೆ ಕೇಳಿದ ಆಳಿಗೆ ‘ಹೋಗಿ ತೋರಿಸಿಕೊಂಡು ಬಾ, ಕೂಲಿ ಮುರಿಯುವುದಿಲ್ಲ’ ಎನ್ನುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ಖರ್ಚಿನ ಚಿಂತೆಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು, ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಳ್ಳಿ.

ಕೊನೆಗೆ ಮನೆಯವರಿಗೆ. ಕಿವಿ ನೋಯುತ್ತಿದೆ, ಆದರೆ ಒಳಗೆ ಏನೂ ಇಲ್ಲ ಎಂದು ವೈದ್ಯರು ಹೇಳಿದರೆ ಅಲ್ಲಿಗೆ ಬಿಡಬೇಡಿ. ನಾಲಿಗೆಯ ಬುಡ, ಗಂಟಲನ್ನೂ ನೋಡಿಸಿ. ಅಲ್ಲಿನ ಕ್ಯಾನ್ಸರಿನ ನೋವು ನರಗಳ ದಾರಿಯಲ್ಲಿ ಕಿವಿಗೆ ಬಂದು ಮುಟ್ಟುತ್ತದೆ. ಎಲೆ, ಅಡಿಕೆ, ಹೊಗೆಸೊಪ್ಪು ಹಾಕುವವರ ಊರು ನಮ್ಮದು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸಾರಿದೆ.

ನಿಮ್ಮ ಮನೆಯ ಹಿರಿಯರು ದಿಂಬಿನ ಮೇಲೆ ಟವೆಲ್ ಹಾಸಿಕೊಂಡು ಮಲಗುತ್ತಿದ್ದಾರೆಯೇ? ಕಿವಿಗೆ ಹತ್ತಿ ಇಟ್ಟು ಎಷ್ಟು ದಿನವಾಯಿತೆಂದು ಇಂದು ಕೇಳಿ. ‘ಅದೇನು ಬಿಡು, ಮಳೆಗಾಲದ್ದು’ ಎನ್ನುತ್ತಾರೆ. ದಿನ ಎಣಿಸಿ ನೋಡಿ. ಮೂರು ವಾರ ದಾಟಿದ್ದರೆ, ನಾಳಿನ ಬಸ್ಸಿಗೆ ಹೊರಡಿಸಿ.